ತುಂಬಿಟ್ಟ ಸೆಲ್ಲಿನಲ್ಲಿ ಎಷ್ಟು ಉಳಿಯುತ್ತದೆ?



ರಾತ್ರಿ ಕಬ್ಬಿಗೆ ನೀರು ಹಾಯಿಸಲು ಹೋಗುವವರ ಕೈಯಲ್ಲಿ ಬ್ಯಾಟರಿ ಬೇಕೇ ಬೇಕು. ಹುಳಹುಪ್ಪಡಿ ಕಾಣುವುದು ಆ ಬೆಳಕಿನಲ್ಲೇ. ಆದರೆ ಅದಕ್ಕೆ ಹಾಕುವ, ಮತ್ತೆ ಮತ್ತೆ ಚಾರ್ಜ್ ಆಗುವ ನಿಕಲ್ ಸೆಲ್ಲು ಕಪಾಟಿನಲ್ಲಿ ಸುಮ್ಮನೆ ಇದ್ದರೂ ಒಳಗೊಳಗೇ ಖಾಲಿಯಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ. 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ತಂದ ಎನೆಲೂಪ್ ಬಗೆಯ ಸೆಲ್ಲುಗಳಲ್ಲಿ ಈ ನಷ್ಟ ಬಹಳ ಕಡಿಮೆ.

ನಿಮ್ಮ ಮನೆಯ ಸೆಲ್ಲು ಎಂಥದು? ವೋಲ್ಟ್ ಮೀಟರ್ ಒಂದನ್ನೇ ನಂಬಬೇಡಿ. ಅರ್ಧ ಖಾಲಿಯಾದ ಸೆಲ್ಲೂ ಸುಮಾರು 1.2 ವೋಲ್ಟ್ ತೋರಿಸುತ್ತದೆ. ಹೊತ್ತು ಅಳೆಯಬೇಕು. ಸೆಲ್ಲನ್ನು ಪೂರ್ತಿ ಚಾರ್ಜ್ ಮಾಡಿ 6 ಓಮ್ ರೋಧಕಕ್ಕೆ ಜೋಡಿಸಿ. 1 ವೋಲ್ಟಿಗೆ ಇಳಿದೊಡನೆ ಬಿಚ್ಚಿ, ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳಿ. ಮತ್ತೆ ಚಾರ್ಜ್ ಮಾಡಿ, ಒಂದು ತಿಂಗಳು ಇಟ್ಟು, ಹಾಗೆಯೇ ಅಳೆಯಿರಿ. ಮೊದಲು 10 ತಾಸು, ಆಮೇಲೆ 8 ತಾಸು ಬಂದರೆ ಉಳಿದದ್ದು ನೂರಕ್ಕೆ 80.

ಮಕ್ಕಳೇ, ಗುರುಗಳ ಜೊತೆಗೂಡಿ ಪ್ರಯೋಗಾಲಯದಲ್ಲಿ ಇದನ್ನು ಮಾಡಿ ನೋಡಿ. ಬೇಗ ಖಾಲಿಯಾಗುವ ಸೆಲ್ಲು ದಿನಾ ಚಾರ್ಜ್ ಮಾಡುವ ಆಟಿಕೆಗೆ ಸಾಕು. ಚಾರ್ಜ್ ಉಳಿಸಿಕೊಳ್ಳುವ ಸೆಲ್ಲು ಅಪ್ಪನ ಬ್ಯಾಟರಿಯಲ್ಲಿರಲಿ.