ಪಂಜಿನ ಹೊಗೆ ಕಾಣುತ್ತೆ, ಗದ್ದೆಯ ಅನಿಲ ಕಾಣಲ್ಲ

ವಿಜಯದಶಮಿ ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಿದವರಿಗೆ ಗೊತ್ತು, ಹೊಗೆ ಎಷ್ಟು ಏಳುತ್ತೆ ಅಂತ. ಆದರೆ ಮನೆಗೆ ಬಂದು ಊಟಕ್ಕೆ ಕೂತಾಗ, ತಟ್ಟೆಯಲ್ಲಿರೋ ಅನ್ನದ ಹಿಂದಿನ ಅನಿಲ ಯಾರ ಕಣ್ಣಿಗೂ ಬೀಳಲ್ಲ.

ನೀರು ನಿಂತ ಭತ್ತದ ಗದ್ದೆಯಲ್ಲಿ ಮಣ್ಣಿಗೆ ಗಾಳಿ ಸಿಗಲ್ಲ. ಅಲ್ಲಿ ಕೊಳೆಯೋ ಕಸಕಡ್ಡಿಯಿಂದ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಹೆಚ್ಚು ಬಿಸಿ ಏರಿಸುತ್ತೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, 119 ದೇಶಗಳ ಕೃಷಿಯ ಅಧ್ಯಯನ ನೋಡಿ: ಜಗತ್ತಿನ ಸರಾಸರಿಯಲ್ಲಿ ಒಂದು ಕೆ.ಜಿ. ಅಕ್ಕಿಗೆ ಸುಮಾರು 4 ಕೆ.ಜಿ. ಕಾರ್ಬನ್ ಲೆಕ್ಕ, ಗೋಧಿಗೆ ಸುಮಾರು ಒಂದೂವರೆ. ಕುರಿ, ದನದ ಮಾಂಸದ ಲೆಕ್ಕ ಅಕ್ಕಿಗಿಂತ ಹಲವು ಪಟ್ಟು ಮೇಲೆ.

ನಮ್ಮ ರಾಗಿ? ಅದು ಹೆಚ್ಚಾಗಿ ಮಳೆ ನಂಬಿದ ಬೆಳೆ. ಹೊಲದಲ್ಲಿ ನೀರು ನಿಲ್ಲಿಸೋ ಹಾಗೇ ಇಲ್ಲ, ಹಾಗಾಗಿ ಭತ್ತದ ಮೀಥೇನ್ ಕಾಟವೂ ಇಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟಿದ್ದು ಇದೇ ಸೀಮೆಯಲ್ಲಿ.

ಹಾಗಾದ್ರೆ ಅನ್ನ ಬಿಟ್ಟು ಮುದ್ದೆ ಉಣ್ಣಿ ಅಂತ ಹೇಳಿ ಮಾತು ಮುಗಿಸಲಾ? ಅದು ಸುಲಭ. ಭತ್ತದ ರೈತನನ್ನು ಕಟಕಟೆಯಲ್ಲಿ ನಿಲ್ಲಿಸೋದು ಇನ್ನೂ ಸುಲಭ. ಆದರೆ ಇಂಜಿನಿಯರಿಂಗ್ ಓದಿದ ನನಗೆ ಬೆಳೆಗಿಂತ ಬೆಳೆಯೋ ವಿಧಾನದ ಮೇಲೆ ಕಣ್ಣು.

ಗದ್ದೆಯಲ್ಲಿ ತೂತು ಕೊರೆದ ಒಂದು ಪೈಪ್ ಹೂಳಿ. ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ನೀರು ಹಾಯಿಸಿ. ಹೂ ಬಿಡೋ ಹೊತ್ತಲ್ಲಿ ಮಾತ್ರ ಒಣಗಿಸಬೇಡಿ. ಮೀಥೇನ್ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಇಳಿಯುತ್ತೆ, ನೀರು ಉಳಿಯುತ್ತೆ. ಸರಿಯಾಗಿ ಮಾಡಿದ್ರೆ ಇಳುವರಿಗೂ ಹೊಡೆತ ಇಲ್ಲ. ಅದೇ ಭತ್ತ, ಅದೇ ಗದ್ದೆ!

ಮತ್ತೆ ರೈತ ಯಾಕೆ ಮಾಡಲ್ಲ? ಭಯ. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿ ಇದೆ: ಕೆಲವು ದಿನ ನೀರು, ಕೆಲವು ದಿನ ಬಂದ್. ಅಂದ್ರೆ ಒಣಗಿಸಿ ಹಾಯಿಸೋ ವ್ಯವಸ್ಥೆ ಅರ್ಧ ಆಗಲೇ ಸಿದ್ಧ. ಆದರೆ 2023ರ ಬರ ಕಂಡವನಿಗೆ ಮುಂದಿನ ಕಟ್ಟಿನ ನೀರು ಬಂದೇ ಬರುತ್ತೆ ಅನ್ನೋ ನಂಬಿಕೆ ಎಲ್ಲಿಂದ ಬರಬೇಕು? ಕೊನೆ ಭಾಗದ ರೈತನಿಗಂತೂ ಸಿಕ್ಕಾಗ ತುಂಬಿಸಿಕೊಳ್ಳೋದೇ ವಿಮೆ.

ಆ ಭಯ ಇರೋವರೆಗೂ ಹವಾಮಾನದ ಉಪದೇಶ ಗದ್ದೆಗೆ ಇಳಿಯಲ್ಲ. ನೀರು ಬರೋ ದಿನ ಮೊದಲೇ ಹೇಳಿ, ಹೇಳಿದ ದಿನ ಕೊನೆ ಗದ್ದೆಗೂ ಮುಟ್ಟಿಸಿ. ಪೈಪ್ ರೈತ ಹಾಕ್ತಾನೆ. ಮಾತು ಉಳಿಸಿಕೊಳ್ಳಬೇಕಾದವರು ನಾಲೆಯ ತೂಬಿನ ಕೀಲಿ ಇಟ್ಟುಕೊಂಡವರು.