ಅಳಿಸಲೆತ್ತಿಸಿದ ಹೆಸರು

2009ರಲ್ಲಿ ಬಂದ 'ಅಸಾಸಿನ್ಸ್ ಕ್ರೀಡ್ 2' ಎಂಬ ವಿಡಿಯೋ ಗೇಮಿನಲ್ಲಿ ವಿಯೆರಿ ಪಾಟ್ಸಿ ಎಂಬ ಪುಂಡ ಯುವಕನೊಬ್ಬ ಬರುತ್ತಾನೆ. ಇಟಲಿಯ ಫ್ಲಾರೆನ್ಸಿನಲ್ಲಿ ನಾಯಕನ ಮೇಲೆ ಜಗಳ ತೆಗೆಯುವುದು, ಬೇಗನೆ ಸಾಯುವುದು, ಇಷ್ಟೇ ಅವನ ಪಾತ್ರ. ಅವನು ಕಲ್ಪಿತ. ಮನೆತನ ಮಾತ್ರ ನಿಜ. ಆಟದಲ್ಲಿ ಅವನ ತಂದೆಯಾದ ಫ್ರಾಂಚೆಸ್ಕೊ ಕೂಡ ನಿಜ.

ಪಾಟ್ಸಿ ಎಂದರೆ ಇಟಾಲಿಯನ್ ಭಾಷೆಯಲ್ಲಿ 'ಹುಚ್ಚರು'! ಆದರೆ ಇವರು ಲೆಕ್ಕದಲ್ಲಿ ಪಕ್ಕಾ ಬ್ಯಾಂಕಿನವರು. ಪೋಪ್ ನಾಲ್ಕನೆಯ ಸಿಕ್ಸ್ಟಸ್ ತಮ್ಮ ಖಾತೆಯನ್ನು ಮೆದಿಚಿ ಮನೆತನದಿಂದ ಕಿತ್ತು ಇವರಿಗೆ ಕೊಟ್ಟರು. ಊರನ್ನು ಆಳುತ್ತಿದ್ದ ಲೊರೆಂಜೊ ಮೆದಿಚಿ ಸುಮ್ಮನಿರುತ್ತಾನೆಯೇ? ಉತ್ತರಾಧಿಕಾರದ ಹೊಸ ಕಾನೂನು ಬಂತು. ಪಾಟ್ಸಿಗಳ ಸೊಸೆಯೊಬ್ಬಳಿಗೆ ತವರಿನ ಆಸ್ತಿ ತಪ್ಪಿತು. ಪುಂಡಾಟಕ್ಕಿಂತ ಈ ಆಸ್ತಿಯ ಉರಿಯೇ ದೊಡ್ಡದು ಎಂದು ನನಗನಿಸುತ್ತದೆ.

1478ರ ಏಪ್ರಿಲ್ 26, ಭಾನುವಾರ. ಕೆಥೆಡ್ರಲಿನಲ್ಲಿ ಪೂಜೆ ನಡೆದಿರುವಾಗಲೇ ಲೊರೆಂಜೊನ ತಮ್ಮ ಜೂಲಿಯಾನೊನನ್ನು ಇರಿದು ಕೊಂದರು. ಆವೇಶದಲ್ಲಿ ಫ್ರಾಂಚೆಸ್ಕೊ ತನ್ನ ತೊಡೆಗೇ ತಿವಿದುಕೊಂಡ. ಗಾಯಗೊಂಡ ಲೊರೆಂಜೊ ಪಾರಾದ. ಅಂದೇ ಫ್ರಾಂಚೆಸ್ಕೊನನ್ನು ಸರಕಾರಿ ಅರಮನೆಯ ಕಿಟಕಿಯಿಂದ ನೇಣು ಹಾಕಿದರು.

ಸೇಡು ಅಲ್ಲಿಗೆ ನಿಲ್ಲಲಿಲ್ಲ. ಗಲ್ಲಿಗೇರಿದವರ ಚಿತ್ರಗಳನ್ನು ಬೊಟಿಚೆಲ್ಲಿಯಿಂದ ಗೋಡೆಯ ಮೇಲೆ ಬರೆಸಿದರು. ಪಾಟ್ಸಿ ಎಂಬ ಹೆಸರು, ಲಾಂಛನ ಎರಡನ್ನೂ ನಿಷೇಧಿಸಿದರು. ಫ್ರಾಂಚೆಸ್ಕೊನ ಅಣ್ಣ ಗುಲ್ಯೆಲ್ಮೊ ಲೊರೆಂಜೊನ ಅಕ್ಕ ಬಿಯಾಂಕಾಳ ಗಂಡ. ಭಾವನೆಂದು ಜೀವ ಉಳಿಯಿತು, ಊರು ಉಳಿಯಲಿಲ್ಲ.

1494ರಲ್ಲಿ ಫ್ಲಾರೆನ್ಸ್ ಮೆದಿಚಿಗಳನ್ನೇ ಹೊರಗಟ್ಟಿತು. ಪಾಟ್ಸಿಗಳು ತಮ್ಮ ಹೆಸರಿನೊಡನೆ ಮರಳಿ ಬಂದರು.