ಕೈ ಮುಗಿಯೋದು ಬೇರೆ, ಹಕ್ಕು ಬೇರೆ



ಇವತ್ತು ಮಾತಾಡೋ ವಿಷಯ ನಮ್ಮ ಕಡೆ ಮಂದಿ ಮಾತಾಡದೇ ಇರೋ ವಿಷಯ. ರೋಣ, ನರಗುಂದ, ಗಜೇಂದ್ರಗಡ, ಈ ಮೂರು ತಾಲ್ಲೂಕಿನ ಯಾವ ಊರಿನಾಗರೆ ಚಹಾದಂಗಡಿ ಮುಂದೆ ಕೂತು 'ಸಲಿಂಗಿಗಳ ಹಕ್ಕು' ಅಂತ ಒಂದು ಮಾತು ತೆಗೀರಿ. "ಅದೆಲ್ಲ ಬೆಂಗಳೂರಾಗ ರೀ, ನಮ್ಮ ಕಡೆ ಅಂಥಾದ್ದಿಲ್ಲ" ಅಂತಾರೆ. ಒಂದಿಷ್ಟು ಜನ ನಗ್ತಾರೆ. ಆಮೇಲೆ ಮಾತು ಮಳೆ, ಹೆಸರುಕಾಳಿನ ರೇಟು, ಮಹದಾಯಿ ಕಡೆಗೆ ಹೊರಳ್ತದೆ.

ನಮ್ಮ ಕಡೆ ಇಲ್ಲ ಅನ್ನೋ ಮಾತನ್ನ ಮೊದಲು ನೋಡೋಣ. ಸವದತ್ತಿ ಎಲ್ಲವ್ವನ ಗುಡ್ಡ ನಮಗೇನು ದೂರ ಅಲ್ಲ. ನರಗುಂದದ ಹೊಲಕ್ಕೆ ಬರೋ ಮಲಪ್ರಭಾ ಕಾಲುವೆ ನೀರೂ ಆ ಗುಡ್ಡದ ಹತ್ತಿರದ ರೇಣುಕಾಸಾಗರದ್ದೇ. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂತಂದ್ರೆ ನಮ್ಮ ಹಳ್ಳಿಗಳಿಂದ ಟ್ರ್ಯಾಕ್ಟರ್, ಚಕ್ಕಡಿ ಕಟ್ಟಿಕೊಂಡು ಉಧೋ ಉಧೋ ಅಂತ ಹೋಗ್ತೀವಿ. ಅಲ್ಲಿ ಜೋಗಪ್ಪಗಳನ್ನ ನೋಡದೇ ಬಂದವರು ಯಾರಿದ್ದಾರೆ? ಗಂಡಾಗಿ ಹುಟ್ಟಿದವರು, ದೇವಿ ಕರೆದಳು ಅಂತ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಚೌಡಿಕೆ ಹಿಡಿದು ಹಾಡುವವರು. ಮಂಗಳವಾರ, ಶುಕ್ರವಾರ ನಮ್ಮ ಬಾಗಿಲಿಗೂ ಜೋಗಕ್ಕೆ ಬರ್ತಾರೆ. ನಮ್ಮ ಅವ್ವಂದಿರು ಮೊರದಾಗ ಜೋಳ ತಂದು ಹಾಕಿ, ಹಣೆಗೆ ಬಂಡಾರ ಹಚ್ಚಿಸಿಕೊಂಡು, ಕಾಲು ಮುಟ್ಟಿ ನಮಸ್ಕಾರ ಮಾಡ್ತಾರೆ.

ಅಂದ್ರೆ, ಎಲ್ಲರೂ ಒಂದೇ ನಮೂನಿ ಹುಟ್ಟೋದಿಲ್ಲ ಅನ್ನೋದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅಂಥವರಿಗೆ ಒಂದು ಹೆಸರು, ಒಂದು ಜಾಗ, ಒಂದು ಹಾಡು ಕೊಟ್ಟಿದ್ದರು. ಈ ತಿಳಿವಳಿಕೆ ವಿದೇಶದಿಂದ ಬಂದದ್ದಲ್ಲ. ವಿದೇಶದಿಂದ ಬಂದದ್ದು ಶಿಕ್ಷೆ. ಭಾರತೀಯ ದಂಡ ಸಂಹಿತೆಯ 377ನೇ ಕಲಮನ್ನ ಬ್ರಿಟಿಷರು 1860ರಲ್ಲಿ ಬರೆದರು.

ಆದರೆ ಇಷ್ಟಕ್ಕೇ ನಮ್ಮ ಬೆನ್ನು ನಾವೇ ತಟ್ಟಿಕೊಳ್ಳೋ ಹಂಗಿಲ್ಲ. ಹುಣ್ಣಿಮೆ ದಿನ ಕಾಲಿಗೆ ಬಿದ್ದ ಅದೇ ಮನುಷ್ಯ ಮರುದಿನ ಬಂದು "ಯಪ್ಪಾ, ನಿಮ್ಮ ಹಿತ್ತಲದ ಖೋಲಿ ಬಾಡಿಗಿಗೆ ಕೊಡ್ರಿ" ಅಂದ್ರೆ ಏನು ಮಾಡ್ತೀವಿ? "ಓಣ್ಯಾಗ ಹೆಣ್ಮಕ್ಕಳು ಅದಾರ" ಅಂತೀವಿ. ಅಂಗಡ್ಯಾಗ ಕೆಲಸ ಕೇಳಿದ್ರೆ "ಗಿರಾಕಿ ಬರಂಗಿಲ್ಲ" ಅಂತೀವಿ. ಪೂಜೆಗೆ ಬೇಕು, ಪಕ್ಕದ ಮನೆಗೆ ಬೇಡ. ಮುತ್ತು ಕೊರಳಾಗ ಇರೋತನಕ ಅವರು ಎಲ್ಲವ್ವನ ಮಗಳು. ಮುತ್ತು ತೆಗೆದಿಟ್ಟು ನಾನೂ ಒಬ್ಬ ಪ್ರಜೆ ಅಂದ್ರೆ ಅವರಿಗೆ ಜಾಗ ಇಲ್ಲ.

ಪೂಜೆ ನಮ್ಮ ಮನಸ್ಸಿನ ಮೇಲೆ ನಿಂತದ್ದು. ಇವತ್ತು ಭಕ್ತಿ ಬಂತು, ಕೊಟ್ಟೆವು. ನಾಳೆ ಬರಲಿಲ್ಲ, ಕೊಡಲಿಲ್ಲ. ಹಕ್ಕು ಹಂಗಲ್ಲ. ಒಂದು ಸಣ್ಣ ಉದಾಹರಣೆ ಹೇಳ್ತೀನಿ. 2023ರ ಜೂನ್ 11ರಿಂದ ನಮ್ಮ ರಾಜ್ಯದಾಗ ಶಕ್ತಿ ಯೋಜನೆ ಶುರುವಾಯ್ತು. ಹೆಣ್ಮಕ್ಕಳಿಗೆ ಬಸ್ ಫ್ರೀ ಅನ್ನೋದು ಎಲ್ಲರಿಗೂ ಗೊತ್ತು. ಅದೇ ಆದೇಶದಾಗ ಲಿಂಗತ್ವ ಅಲ್ಪಸಂಖ್ಯಾತರೂ ಇದ್ದಾರೆ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ರೋಣದಿಂದ ಗದಗಕ್ಕೆ ಹೋಗೋ ಬಸ್ಸಿನಾಗ ಅಂಥ ಒಬ್ಬರು ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡಬೇಕು. ಅವನಿಗೆ ಅವರ ಮೇಲೆ ಭಕ್ತಿ ಇರಬೇಕಂತಿಲ್ಲ, ಪ್ರೀತಿ ಇರಬೇಕಂತಿಲ್ಲ. ಮನಸ್ಸಿನಾಗ ಏನರೆ ಅಂದುಕೊಳ್ಳಲಿ, ಟಿಕೆಟ್ ಕೊಡಬೇಕು, ಅಷ್ಟೇ. ಹಕ್ಕು ಅಂದ್ರೆ ಇದು.

ಈಗ ಇನ್ನೊಂದು ಕಡೆ ನೋಡೋಣ. ಜೋಗಪ್ಪಗಳಿಗೆ ಪೂಜೆಯಾದರೂ ಸಿಕ್ತು. ಸೀರೆ ಉಡದ, ಮುತ್ತು ಕಟ್ಟದ, ಹೊರಗಿನಿಂದ ನೋಡಿದರೆ ಎಲ್ಲರ ಹಂಗೇ ಇರೋ ಹುಡುಗನಿಗೆ ಅದೂ ಇಲ್ಲ. ಇವೆರಡೂ ಒಂದೇ ಅಲ್ಲ, ಇದನ್ನ ಸ್ಪಷ್ಟ ಮಾಡಿಕೊಳ್ಳೋಣ. ನಾನು ಗಂಡೋ ಹೆಣ್ಣೋ ಅನ್ನೋದು ಒಂದು ಪ್ರಶ್ನೆ. ನನ್ನ ಮನಸ್ಸು ಯಾರ ಕಡೆ ಎಳೀತದೆ ಅನ್ನೋದು ಬೇರೆ ಪ್ರಶ್ನೆ. ಎರಡನೇ ಪ್ರಶ್ನೆಗೆ ನಮ್ಮ ಭಾಷೆಯಾಗ ಬೈಗುಳ ಬಿಟ್ಟರೆ ಒಂದು ನೆಟ್ಟಗಿನ ಪದ ಇರಲಿಲ್ಲ. ಬಳ್ಳಾರಿ ಸೀಮೆಯ ಸಂಡೂರಿನ ವಸುಧೇಂದ್ರ 2013ರಲ್ಲಿ 'ಮೋಹನಸ್ವಾಮಿ' ಕಥೆಗಳನ್ನ ಪ್ರಕಟ ಮಾಡಿದಾಗ ಎಷ್ಟೋ ಕನ್ನಡಿಗರು ಈ ಬದುಕನ್ನ ಮೊದಲ ಸಲ ತಮ್ಮ ಭಾಷೆಯಾಗ ಓದಿದರು.

ಗಜೇಂದ್ರಗಡದ ನೇಕಾರರ ಓಣಿಯ ಒಬ್ಬ ಹುಡುಗನನ್ನ ಕಲ್ಪನೆ ಮಾಡಿಕೊಳ್ರಿ. ವಯಸ್ಸು ಇಪ್ಪತ್ತೇಳು. ಅವ್ವ ದಿನಾ ಕೇಳ್ತಾಳೆ: "ತಮ್ಮಾ, ಯಾವಾಗ ಹೂಂ ಅಂತಿ? ನಾ ಕಣ್ಣು ಮುಚ್ಚೂದರಾಗ ಮೊಮ್ಮಕ್ಕಳನ್ನ ನೋಡ್ಬೇಕು." ಹೇಳೋಕೆ ಅವನ ಹತ್ತಿರ ಮಾತಿಲ್ಲ. ಕೊನೆಗೆ ಹೂಂ ಅಂತಾನೆ. ಲಗ್ನ ಆಗ್ತದೆ. ಬಂದ ಹುಡುಗಿ ಒಂದು ವರ್ಷ, ಎರಡು ವರ್ಷ, ತನ್ನಲ್ಲೇ ಏನೋ ಕೊರತೆ ಐತಿ ಅಂತ ಕೊರಗ್ತಾಳೆ. ಹಿರಿಯರು ಕೂತು ಮಾತಾಡಿದಾಗ ತಪ್ಪು ಬರೋದೂ ಅವಳ ತಲೆ ಮೇಲೇನೇ. ಈ ಹುಡುಗ ಕಲ್ಪನೆಯವನು, ಆದರೆ ಈ ಕಥೆ ಯಾವ ಓಣಿಯಾಗ ನಡೆದಿಲ್ಲ ಹೇಳ್ರಿ? ಇದು ಬರೀ ಗಂಡಸರ ಹಕ್ಕಿನ ಪ್ರಶ್ನೆ ಅಂದುಕೊಂಡವರು ಆ ಹುಡುಗಿಯನ್ನೂ ಲೆಕ್ಕಕ್ಕೆ ಹಿಡೀಬೇಕು. ಒಬ್ಬನ ಬಾಯಿ ಮುಚ್ಚಿಸಿದ್ದಕ್ಕೆ ಎರಡು ಜೀವ ಬೆಲೆ ಕಟ್ಟಿದವು.

"ಇಂಥವರು ಎಷ್ಟು ಮಂದಿ ಇದ್ದಾರು ರೀ? ನಾಲ್ಕು ಮಂದಿಗೆ ಇಷ್ಟು ಗದ್ದಲ ಯಾಕೆ?" ಇದು ಚಹಾದಂಗಡಿ ಪ್ರಶ್ನೆ ಅಂತ ತಳ್ಳಿಹಾಕಬ್ಯಾಡ್ರಿ, ಸುಪ್ರೀಂ ಕೋರ್ಟಿನೊಳಗೂ ಇದೇ ಮಾತು ಬಂದಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ಖಾಸಗಿಯಾಗಿ ಇದ್ದರೆ ಅದು ಅಪರಾಧ ಅಲ್ಲ ಅಂತ ಹೇಳಿತು. 2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದನ್ನ ತಿರುಗಿ ಹಾಕಿದರು. ಕೊಟ್ಟ ಕಾರಣಗಳಲ್ಲಿ ಒಂದು ಏನಂದ್ರೆ, ಇವರು ಜನಸಂಖ್ಯೆಯೊಳಗೆ ಬಹಳ ಸಣ್ಣ ಪಾಲು, ನೂರೈವತ್ತು ವರ್ಷದಾಗ ಈ ಕಲಮಿನಡಿ ಕೇಸಾದವರು ಇನ್ನೂರಕ್ಕಿಂತ ಕಡಿಮೆ.

ಈ ವಾದಕ್ಕೆ ಉತ್ತರ ಬಂದದ್ದು ಒಬ್ಬ ಕನ್ನಡಿಗರ ಹೆಸರಿನ ಕೇಸಿನಾಗ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿಷಯಕ್ಕೆ ಕೋರ್ಟಿಗೆ ಹೋಗಿದ್ದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದರು. ಅದೇ ತೀರ್ಪಿನಾಗ, ಮಂದಿ ಕಡಿಮೆ ಅನ್ನೋ ಕಾರಣಕ್ಕೆ ಹಕ್ಕು ಕಸಿಯೋ ಹಂಗಿಲ್ಲ ಅನ್ನೋ ಮಾತೂ ಬಂತು. ಮುಂದಿನ ವರ್ಷ, 2018ರ ಸೆಪ್ಟೆಂಬರ್ 6ಕ್ಕೆ, ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ವಯಸ್ಕರ ಒಪ್ಪಿತ ಸಂಬಂಧವನ್ನ 377ರಿಂದ ಹೊರಗೆ ತೆಗೆದರು.

ಹಂಗೇ ಯೋಚನೆ ಮಾಡ್ರಿ, ಮೂಲಭೂತ ಹಕ್ಕುಗಳನ್ನ ಬರೆದಿಟ್ಟದ್ದು ಯಾರ ಸಲುವಾಗಿ? ಹೆಚ್ಚು ಮಂದಿ ಇದ್ದವರಿಗೆ ಓಟು ಐತಿ, ಪಂಚಾಯ್ತಿ ಐತಿ, ಶಾಸಕರು ಫೋನು ಎತ್ತತಾರೆ. ಕಾಗದದ ಮೇಲಿನ ರಕ್ಷಣೆ ಬೇಕಾಗೋದು ಓಟು ಕಡಿಮೆ ಇದ್ದವರಿಗೇ. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡಿಗರು ತಮ್ಮ ಶಾಲೆಗೆ ಕನ್ನಡ ಬಲ್ಲ ಮಾಸ್ತರರು ಬೇಕು ಅಂತ ಹೋರಾಡಿದಾಗ ನಾವು ಇಲ್ಲಿಂದ ಜೈ ಅಂದೆವು. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳ ಬಗ್ಗೆನೂ ಹಂಗೇ ಮಾತಾಡ್ತೀವಿ. "ನೀವು ಎಷ್ಟು ಮಂದಿ ಇದ್ದೀರಿ?" ಅಂತ ಅವರನ್ನ ಕೇಳಿದರೆ ನಮಗೆ ಸಿಟ್ಟು ಬರ್ತದೆ. ಅದೇ ಪ್ರಶ್ನೆಯನ್ನ ನಾವು ನಮ್ಮ ಓಣಿಯವರಿಗೆ ಕೇಳ್ತೀವಿ. ಗೆರೆ ಸ್ವಲ್ಪ ಸರಿದರೆ ಯಾರು ಬೇಕಾದರೂ ಅಲ್ಪಸಂಖ್ಯಾತರಾಗ್ತಾರೆ.

ಎಣಿಕೆಯ ಮಾತು ಬಂತಲ್ಲ, 2011ರ ಜನಗಣತಿಯಾಗ ಗಂಡು, ಹೆಣ್ಣು ಎರಡೂ ಅಲ್ಲ, 'ಇತರೆ' ಅಂತ ಬರೆಸಿದವರು ಕರ್ನಾಟಕದಾಗ 20,266 ಮಂದಿ. ಬರೆಸೋಕೆ ಧೈರ್ಯ ಮಾಡಿದವರು ಇಷ್ಟು. ಸಲಿಂಗಿಗಳನ್ನ ಎಣಿಸೋಕೆ ಆ ಹಾಳೆಯಾಗ ಕಾಲಂ ಇರಲಿಲ್ಲ. ಮೊದಲು ಹೆದರಿಸಿ ಬಚ್ಚಿಡೋದು, ಆಮೇಲೆ ಕಾಣೋದಿಲ್ಲ, ಅದಕ್ಕೇ ಇಲ್ಲ ಅನ್ನೋದು, ಇದು ಯಾವ ಲೆಕ್ಕ?

ನಮ್ಮದು ಇನ್ನೂ ಎಳೇ ಪ್ರಜಾಪ್ರಭುತ್ವ. ಈ ನಾಡಿನ ಇತಿಹಾಸಕ್ಕೆ ಎಪ್ಪತ್ತೈದು ವರ್ಷ ಏನೂ ಅಲ್ಲ. 1948ರ ನವೆಂಬರ್ 4ರಂದು ಕರಡು ಸಂವಿಧಾನ ಮಂಡಿಸುವಾಗ ಅಂಬೇಡ್ಕರ್ ಅವರು ಒಂದು ಎಚ್ಚರಿಕೆ ಕೊಟ್ಟಿದ್ದರು. ಸಂವಿಧಾನದ ನೈತಿಕತೆ ತಾನಾಗಿ ಹುಟ್ಟೋದಲ್ಲ, ಅದನ್ನ ಬೆಳೆಸಬೇಕು. ಇಲ್ಲಿಯ ಮಣ್ಣು ಪ್ರಜಾಪ್ರಭುತ್ವದ್ದಲ್ಲ, ಪ್ರಜಾಪ್ರಭುತ್ವ ಇಲ್ಲಿ ಮೇಲುಗೊಬ್ಬರ ಇದ್ದಂಗೆ ಅನ್ನೋದು ಅವರ ಮಾತಿನ ಅರ್ಥ. ಎರಿ ಹೊಲ ಮಾಡೋ ನಮ್ಮ ರೈತರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮೇಲುಗೊಬ್ಬರ ಉಗ್ಗಿ ಮನೆಗೆ ಬಂದು ಮಲಗಿದರೆ ಬೆಳೆ ಬರೋದಿಲ್ಲ. 2018ರ ತೀರ್ಪು ನಿಂತದ್ದು ಈ ಸಂವಿಧಾನದ ನೈತಿಕತೆ ಮೇಲೇನೇ. ಆದರೆ ಆ ತೀರ್ಪೂ ಮೇಲುಗೊಬ್ಬರವೇ. ಹೊಲದಾಗ ಹದ ಮಾಡೋ ಕೆಲಸ ನಮ್ಮದು.

ಕಾನೂನು ಎಲ್ಲಿಗೆ ಬಂದು ನಿಂತದೆ ಅನ್ನೋದನ್ನೂ ಇದ್ದದ್ದು ಇದ್ದಂಗೆ ಹೇಳಬೇಕು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ, ಅದು ಸಂಸತ್ತಿನ ಕೆಲಸ ಅಂತು. "ನಮಗೆ ಮದುವೆ ವಿಷಯ ಒಪ್ಪಿಗೆ ಇಲ್ಲ" ಅನ್ನೋ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ಜೋಡಿ ವಾದ ಮಾಡೋಣ, ಪ್ರಜಾಪ್ರಭುತ್ವದಾಗ ವಾದಕ್ಕೆ ಜಾಗ ಐತಿ. ಆದರೆ ಬಡಿಯೋದು, ಮನೆಯಿಂದ ಹಾಕೋದು, ಫೋಟೋ ಹಿಡಿದು ದುಡ್ಡು ಕೀಳೋದು, ಇವು ವಾದ ಅಲ್ಲ, ಅಪರಾಧ. ಮದುವೆ ಒಪ್ಪದವರೂ ಇದನ್ನ ಒಪ್ಪಬೇಕು.

ಇನ್ನು ನಮ್ಮ ಜಿಲ್ಲೆಯಾಗ ಇವತ್ತೇ ಉಪಯೋಗಕ್ಕೆ ಬರೋ ನಾಲ್ಕು ಮಾತು. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಪ್ರಕಾರ ಗುರುತಿನ ಪ್ರಮಾಣಪತ್ರ ಕೊಡೋದು ಜಿಲ್ಲಾಧಿಕಾರಿ, ನಮಗಂದ್ರೆ ಗದಗಿನ ಡಿಸಿ. ಆನ್‌ಲೈನ್‌ನಾಗೂ ಅರ್ಜಿ ಹಾಕಬಹುದು. 2021ರಿಂದ ರಾಜ್ಯ ಸರ್ಕಾರದ ನೇಮಕಾತಿಯಾಗ ಅವರಿಗೆ ಶೇಕಡಾ 1 ಮೀಸಲಾತಿ ಐತಿ, ಎಲ್ಲಾ ವರ್ಗದ ಒಳಗೂ. ಮೈತ್ರಿ ಯೋಜನೆಯ ಮಾಸಾಶನ ಐತಿ. ಇನ್ನು, ಮಗನನ್ನೋ ಮಗಳನ್ನೋ 'ಸರಿ ಮಾಡಿಸಿಕೊಂಡು' ಬರ್ತೀವಿ ಅಂತ ಡಾಕ್ಟರ್ ಹತ್ತಿರ ಕರಕೊಂಡು ಹೋಗೋ ತಂದೆ ತಾಯಿಗೆ ಒಂದು ಮಾತು: ಇದು ಕಾಯಿಲೆ ಅಲ್ಲ. ಅಂಥ ಚಿಕಿತ್ಸೆ ಕೊಡೋದು ವೃತ್ತಿಯ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಔಷಧ ಬೇಕಾಗಿಲ್ಲ, ಕೂತು ಕೇಳಿಸಿಕೊಳ್ಳೋರು ಬೇಕು.

ಇಂಥವರಿಗೆ ಜಾಗ ಕೊಟ್ಟರೆ ಏನಾಗ್ತದೆ ಅಂತ ಕೇಳೋರಿಗೆ ನಮ್ಮ ಪಕ್ಕದ ಸೀಮೆಯ ಮಂಜಮ್ಮ ಜೋಗತಿ ಇದ್ದಾರೆ. ಬೀದಿಯಾಗ ಭಿಕ್ಷೆ ಬೇಡಿದವರು, ಜೋಗತಿ ನೃತ್ಯ ಕಲಿತವರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನ ಟಿವಿಯಾಗ ನೋಡಿ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಎಲ್ಲರೂ ಮಂಜಮ್ಮ ಆಗಬೇಕಿಲ್ಲ. ಪದ್ಮಶ್ರೀ ಬಂದ ಮೇಲೆ ಗೌರವ ಕೊಡೋದು ಸುಲಭ. ಏನೂ ಸಾಧನೆ ಮಾಡದೇ, ಕಿರಾಣಿ ಅಂಗಡಿಯಾಗ ಲೆಕ್ಕ ಬರಕೊಂಡು, ಸಂಜೆ ಮನೆಗೆ ಬಂದು ಉಂಡು ಮಲಗೋ ಸಾದಾ ಬದುಕು ಅವರಿಗೂ ಸಿಗಬೇಕು, ನಮಗೆಲ್ಲ ಸಿಕ್ಕ ಹಂಗೆ.

ಗುಡ್ಡಕ್ಕೆ ಹೋಗೋದು, ಕೈ ಮುಗಿಯೋದು ಬಿಡ್ರಿ ಅಂತ ನಾನು ಹೇಳ್ತಿಲ್ಲ. ಹುಣ್ಣಿಮೆ ಮುಗಿಸಿ ಊರಿಗೆ ಬಂದ ಮೇಲೆ ಯಾರಾದರೂ ಖೋಲಿ ಕೇಳಿದರೆ ಬಾಡಿಗೆ ಎಷ್ಟು ಅಂತ ಹೇಳ್ರಿ, ಕರಾರು ಪತ್ರ ಬರೀರಿ. ಮಗ ಲಗ್ನ ಬ್ಯಾಡ ಅಂದ್ರೆ ಯಾಕೆ ಅಂತ ಒಂದು ಸಲ ಮೆತ್ತಗೆ ಕೇಳ್ರಿ. ಅವನು ಉತ್ತರ ಹೇಳೋತನಕ ತಡೀರಿ.